90 ದಿನದ ಸ್ಪೋಕನ್ ಇಂಗ್ಲಿಷ್ ಕೋರ್ಸ್: ಮುಗಿಸಿದ ಮೇಲೆ ಬರೆಯುತ್ತಿದ್ದೇನೆ

ಮೊದಲ ಕ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ನಿಮಿಷ ಕೊಟ್ಟರು. ನಿಮ್ಮ ಪರಿಚಯ ಹೇಳಿ ಅಂದರು. ತೆರೆಯ ಮೇಲೆ 24 ಮುಖಗಳು. ನನ್ನದು ಒಂಬತ್ತನೇ ಸರದಿ. ‘ಮೈಸೆಲ್ಫ್’ ಅಂತ ಶುರು ಮಾಡಿದೆ. ಟ್ರೈನರ್ ಅಲ್ಲೇ ತಡೆದರು. ‘ಐ ಆ್ಯಮ್’ ಅನ್ನಬೇಕು ಅಂದರು. ತಿದ್ದಿದ್ದು ಸರಿಯೇ. ಆದರೆ ಆಮೇಲೆ ಹೆಸರು, ಕೆಲಸ ಬಿಟ್ಟರೆ ನನ್ನ ಬಾಯಿಂದ ಇನ್ನೊಂದು ಮಾತು ಹೊರಡಲಿಲ್ಲ. 12 ವರ್ಷದಿಂದ ರಕ್ತಪರೀಕ್ಷೆಯ ಲ್ಯಾಬ್ ನೋಡಿಕೊಳ್ಳುತ್ತಿರುವ, 36 ವರ್ಷದ ನಾನು, ಕಾಲೇಜಿನ ಮೊದಲ ವಾರದ ಹುಡುಗಿಯ ಹಾಗೆ ಕೂತುಬಿಟ್ಟೆ. ಇನ್ನೂ ಮೂವತ್ತೈದು ಸೆಕೆಂಡು ಬಾಕಿ ಇತ್ತು.

ಈ ಕೋರ್ಸಿನ ಹೆಸರು ಬರೆಯುವುದಿಲ್ಲ. ಇಂಥವು ಬಹಳ ಇವೆ, ಅಚ್ಚು ಹೆಚ್ಚುಕಡಿಮೆ ಒಂದೇ. ನನ್ನ ಅನುಭವ ಓದಿ, ನೀವು ಸೇರಬೇಕು ಅಂದುಕೊಂಡಿರುವ ಕೋರ್ಸಿನ ಪಕ್ಕಕ್ಕಿಟ್ಟು ನೋಡಿಕೊಳ್ಳಿ, ಸಾಕು. ನಾನು ಸೇರಿದ್ದರಲ್ಲಿ ನಾಲ್ಕು ಭಾಗ ಇದ್ದವು. ವಾರಕ್ಕೆ ಮೂರು ಸಂಜೆ ಆನ್‌ಲೈನ್ ಕ್ಲಾಸ್. ಫೋನಿನಲ್ಲಿ ಒಂದು ಆ್ಯಪ್. ಶನಿವಾರ ಒಂದು ಗಂಟೆ ಸಣ್ಣ ಗುಂಪಿನ ಅಭ್ಯಾಸ. ಕೊನೆಯಲ್ಲಿ ಎರಡು ಭಾನುವಾರ ‘ಕಾನ್ಫಿಡೆನ್ಸ್ ವರ್ಕ್‌ಶಾಪ್’. ನೈಟ್ ಡ್ಯೂಟಿ ಇದ್ದ ಎರಡು ಸಂಜೆ ಬಿಟ್ಟರೆ ನಾನು ಒಂದು ಕ್ಲಾಸನ್ನೂ ತಪ್ಪಿಸಲಿಲ್ಲ.

ಯಾಕೆ ಸೇರಿದೆ ಅಂತ ಹೇಳಬೇಕು. ಹೋದ ವರ್ಷ ನಮ್ಮ ಲ್ಯಾಬಿನಲ್ಲಿ ಮುಖ್ಯ ಟೆಕ್ನಿಷಿಯನ್ ಹುದ್ದೆ ಖಾಲಿಯಾಯಿತು. ಆ ಕೆಲಸ ನನಗೆ ಚೆನ್ನಾಗಿ ಗೊತ್ತು. ಹೊಸದಾಗಿ ಸೇರಿದವರಿಗೆ ಕಲಿಸುವವಳೂ ನಾನೇ. ಅರ್ಜಿಯಲ್ಲಿ ಒಂದು ಸಾಲು ಇತ್ತು. ಸಂದರ್ಶನ ಇಂಗ್ಲಿಷಿನಲ್ಲಿ, ಹತ್ತು ನಿಮಿಷದ ಪ್ರೆಸೆಂಟೇಶನ್ ಕಡ್ಡಾಯ. ಅರ್ಜಿ ತುಂಬಿದೆ. ಸಹಿ ಹಾಕಿದೆ. ಡ್ರಾಯರಿನಲ್ಲಿ ಇಟ್ಟೆ. ಕೊನೇ ದಿನ ಬಂತು, ಹೋಯಿತು. ಆ ಜಾಗಕ್ಕೆ ನನಗಿಂತ ಚಿಕ್ಕವರೊಬ್ಬರು ಬಂದರು. ಒಳ್ಳೆಯ ಮನುಷ್ಯ, ಕಲಿಯುವ ಮನಸ್ಸಿದೆ. ಆದರೆ ಯಂತ್ರದ ರೀಡಿಂಗ್ ಮಿತಿಯ ಹೊರಗೆ ಹೋದಾಗ ಯಾಕೆ ಅಂತ ನೋಡಲು ಈಗಲೂ ನನ್ನನ್ನೇ ಕರೆಯುತ್ತಾರೆ. ಪ್ರತಿ ಸಲ ಆ ಡ್ರಾಯರ್ ನೆನಪಾಗುತ್ತಿತ್ತು.

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಗಣಿತದಲ್ಲಿ ಜೋರಿದ್ದೆ. ಲಸಾಅ, ಅಂದರೆ ಎಲ್‌ಸಿಎಂ, ಪಾಠ ಮುಗಿದ ದಿನ ಮೇಷ್ಟ್ರು ನನ್ನನ್ನು ಬೋರ್ಡಿನ ಹತ್ತಿರ ಕರೆದರು. ಅರ್ಥ ಆಗದವರಿಗೆ ನೀನೇ ಹೇಳಮ್ಮ ಅಂದರು. ಎರಡು ಘಂಟೆಗಳಿವೆ. ಒಂದು ಆರು ನಿಮಿಷಕ್ಕೊಮ್ಮೆ ಬಾರಿಸುತ್ತದೆ, ಇನ್ನೊಂದು ಎಂಟು ನಿಮಿಷಕ್ಕೊಮ್ಮೆ. ಎರಡೂ ಒಟ್ಟಿಗೆ ಯಾವಾಗ ಬಾರಿಸುತ್ತವೆ? ನಾನು ಎರಡು ಸಾಲು ಗೆರೆ ಎಳೆದು ತೋರಿಸಿದೆ. 24ರ ಹತ್ತಿರ ಎರಡೂ ಗೆರೆ ಸೇರಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ‘ಓ!’ ಅಂದ. ಆ ‘ಓ’ ನನಗೆ ಇವತ್ತಿಗೂ ಕೇಳುತ್ತದೆ. ಮುಂದೆ ನಾನು ಭೌತಶಾಸ್ತ್ರ ಓದಿ, ಕಲಿಸುವವಳಾಗುತ್ತೇನೆ ಅಂತ ಆವತ್ತೇ ನಿರ್ಧಾರ ಆಗಿತ್ತು.

ಕಾಲೇಜಿಗೆ ಹೋದ ಕೂಡಲೇ ವಿಜ್ಞಾನ ಪೂರ್ತಿ ಇಂಗ್ಲಿಷಿಗೆ ತಿರುಗಿತು. ಮೊದಲ ಟೆಸ್ಟಿನಲ್ಲಿ ಆಕ್ಸಿಲರೇಶನ್ ಅಂದರೇನು ಅಂತ ಕೇಳಿದ್ದರು. ನಾನು ಆ ಪ್ರಶ್ನೆ ಬಿಟ್ಟೆ. ಅದು ವೇಗೋತ್ಕರ್ಷ ಅಂತ ನನಗೆ ಗೊತ್ತಾಗಲು ಮೂರು ವಾರ ಹಿಡಿಯಿತು. ವೇಗೋತ್ಕರ್ಷ ಅಂದರೆ ಏನು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ, ಲೆಕ್ಕವನ್ನೂ ಮಾಡುತ್ತಿದ್ದೆ. ಇನರ್ಷಿಯಾ ಜಡತ್ವ. ಡೆನ್ಸಿಟಿ ಸಾಂದ್ರತೆ. ಕ್ಲೋರೋಫಿಲ್ ಪತ್ರಹರಿತ್ತು. ಒಂದೊಂದೇ ಹೊಂದಿಸಿಕೊಂಡು ಒಂದು ನೋಟ್‌ಬುಕ್ ತುಂಬಿಸಿದೆ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ವರ್ಷದ ಕೊನೆಗೆ ಅಂಕಗಳು ವಾಪಸ್ ಬಂದವು. ಆದರೆ ಕ್ಲಾಸಿನಲ್ಲಿ ಎತ್ತುತ್ತಿದ್ದ ಕೈ ವಾಪಸ್ ಬರಲಿಲ್ಲ.

ಇದನ್ನು ಯಾರೂ ಗಮನಿಸುವುದಿಲ್ಲ, ಅಲ್ವಾ? ಅಂಕಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ. ಡೌಟ್ ಇದ್ದರೂ ಕೇಳುತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ಒರೆಸಿ, ಮತ್ತೆ ಕಟ್ಟುವಷ್ಟರಲ್ಲಿ ಬೇರೆ ಯಾರೋ ಉತ್ತರ ಹೇಳಿರುತ್ತಿದ್ದರು. ಎರಡು ವರ್ಷ ಹೀಗೆ ಕೂತವಳಿಗೆ ತಾನು ದಡ್ಡಿ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಾನೇ ನಂಬಿಬಿಡುತ್ತಾಳೆ. ಮುಂದಿನ ಓದಿನ ಫಾರ್ಮ್ ತುಂಬುವಾಗ ಭೌತಶಾಸ್ತ್ರದ ಕಾಲಂ ಖಾಲಿ ಬಿಟ್ಟೆ. ‘ಲ್ಯಾಬ್ ಡಿಪ್ಲೊಮಾ ತಗೋ, ಅಲ್ಲಿ ಮಾತು ಕಡಿಮೆ’ ಅಂತ ಯಾರೋ ಅಂದರು. ಮಾತು ಕಡಿಮೆ ಅನ್ನುವ ಕಾರಣಕ್ಕೆ ನಾನು ನನ್ನ ಕೆಲಸ ಆರಿಸಿಕೊಂಡೆ. ಈ ಕೆಲಸ ನನಗೆ ಇಷ್ಟ, ಅದು ಬೇರೆ ಮಾತು. ಆದರೆ ಆರಿಸಿಕೊಂಡದ್ದು ಹೆದರಿಕೆಯಿಂದ.

ಈ ಕೋರ್ಸಿನ ಜಾಹೀರಾತು ನನ್ನನ್ನು ಹಿಡಿದದ್ದೂ ಅಲ್ಲೇ. ಒಬ್ಬ ಯುವಕ ಸಂದರ್ಶನದ ಕೋಣೆಯಲ್ಲಿ ಬೆವರುತ್ತಾನೆ. ಪರದೆಯ ಮೇಲೆ ‘ನಿಮ್ಮ ಶಾಲೆ ನಿಮ್ಮ ಆತ್ಮವಿಶ್ವಾಸ ಕಸಿದುಕೊಂಡಿತೇ?’ ಅಂತ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ನೋಡಿದೆ, ಹನ್ನೊಂದೂಕಾಲಿಗೆ ಫೀಸು ಕಟ್ಟಿದೆ. ಈಗ ತಣ್ಣಗೆ ಕೂತು ಯೋಚಿಸಿದರೆ ಆ ಪ್ರಶ್ನೆಯೇ ತಪ್ಪು. ನನ್ನ ಶಾಲೆ ಏನನ್ನೂ ಕಸಿದುಕೊಳ್ಳಲಿಲ್ಲ. ಬೋರ್ಡಿನ ಹತ್ತಿರ ನಿಲ್ಲಿಸಿ ಕೊಟ್ಟಿತ್ತು. ಹೋದದ್ದು ಆಮೇಲೆ. ಒಂದು ಬೇಸಿಗೆ ರಜೆಯಲ್ಲಿ ಭಾಷೆ ಪೂರ್ತಿ ಬದಲಾಯಿತು, ದಾಟಿಸುವುದಕ್ಕೆ ಮಾತ್ರ ಯಾರೂ ಇರಲಿಲ್ಲ.

ಇನ್ನು ಕೋರ್ಸಿನ ವಿಷಯ.

ಆ್ಯಪ್ ಚೆನ್ನಾಗಿದೆ. ನಾವು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ನಮಗೇ ಕೇಳಿಸುತ್ತದೆ. ಮೊದಲ ವಾರ ನನ್ನ ದನಿ ಕೇಳಲು ನನಗೇ ಆಗುತ್ತಿರಲಿಲ್ಲ. ಆರನೇ ವಾರದ ಹೊತ್ತಿಗೆ ಯಾವ ಪದದಲ್ಲಿ ಎಡವುತ್ತೇನೆ ಅಂತ ನನಗೇ ಗೊತ್ತಾಗತೊಡಗಿತು. ಫೋನಿನಲ್ಲಿ ಮಾತಾಡುವ ಪಾಠಗಳು ತುಂಬ ಉಪಯೋಗಕ್ಕೆ ಬಂದವು. ಯಂತ್ರ ರಿಪೇರಿಯವರಿಗೆ ಫೋನ್ ಮಾಡಿ ತೊಂದರೆ ವಿವರಿಸುವುದನ್ನು ಮೊದಲು ಬೇರೆಯವರಿಗೆ ಬಿಡುತ್ತಿದ್ದೆ. ಈಗ ನಾನೇ ಮಾಡುತ್ತೇನೆ. ವ್ಯಾಕರಣದ ಪಾಠಗಳು ಸಾಧಾರಣ. ನಿಯಮ ಹೇಳುತ್ತಾರೆ, ಯಾಕೆ ಅಂತ ಹೇಳುವುದಿಲ್ಲ.

ಸಂಜೆಯ ಕ್ಲಾಸುಗಳ ಬಗ್ಗೆ ನನಗೆ ದೊಡ್ಡ ತಕರಾರಿದೆ. ಅಲ್ಲಿ ಒಂದು ನಿಯಮ. ತಾಯ್ನುಡಿಯ ಒಂದು ಪದ ಬಂದರೂ ಹೆಸರಿನ ಪಕ್ಕ ಕೆಂಪು ಚುಕ್ಕೆ. ವಾರದ ಕೊನೆಗೆ ಯಾರಿಗೆ ಜಾಸ್ತಿ ಚುಕ್ಕೆಯೋ ಅವರು ಎಲ್ಲರ ಮುಂದೆ ಎರಡು ನಿಮಿಷ ಭಾಷಣ ಮಾಡಬೇಕು. ಮೊದಲ ವಾರ ನನಗೆ ಏಳು ಚುಕ್ಕೆ. ಅದರಲ್ಲಿ ಮೂರು ‘ಅಯ್ಯೋ’ಗೆ ಬಂದವು. ಎರಡನೇ ವಾರ ಒಂದೂ ಇಲ್ಲ, ಯಾಕೆಂದರೆ ನಾನು ಮಾತೇ ಆಡಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ‘ಉತ್ತಮ ಸುಧಾರಣೆ’ ಅಂತ ಹಸಿರು ಗುರುತು ಬಂತು.

ಇದು ಹೊಸ ಉಪಾಯವೇನಲ್ಲ. 19ನೇ ಶತಮಾನದಲ್ಲಿ ಬ್ರಿಟನ್ನಿನ ವೇಲ್ಸ್‌ನ ಕೆಲವು ಶಾಲೆಗಳಲ್ಲಿ ‘ವೆಲ್ಶ್ ನಾಟ್’ ಅನ್ನುವ ಮರದ ತುಂಡು ಇರುತ್ತಿತ್ತು. ತನ್ನ ಮನೆಮಾತಾದ ವೆಲ್ಶ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದನ್ನು ಹಾಕುತ್ತಿದ್ದರು. ಇನ್ನೊಂದು ಮಗು ಸಿಕ್ಕಿಬಿದ್ದರೆ ಅದರ ಕೊರಳಿಗೆ ದಾಟುತ್ತಿತ್ತು. ಶಾಲೆ ಬಿಡುವಾಗ ಯಾರ ಕೊರಳಲ್ಲಿ ಉಳಿದಿರುತ್ತದೋ ಆ ಮಗುವಿಗೆ ಪೆಟ್ಟು. ಇದರಲ್ಲಿ ನನ್ನನ್ನು ಕಾಡುವುದು ಪೆಟ್ಟಿಗಿಂತ ಜಾಸ್ತಿ ಆ ದಾಟಿಸುವಿಕೆ. ಪಕ್ಕದ ಮಗು ಮನೆಮಾತು ಆಡಲಿ ಅಂತ ಒಂದು ಮಗು ಕಾಯುತ್ತಾ ಕೂರಬೇಕು. ನಮ್ಮ ಕ್ಲಾಸಿನಲ್ಲೂ ಚಾಟ್‌ನಲ್ಲಿ ‘ಸರ್, ಅವರು ಈಗ ಒಂದು ಪದ ಹೇಳಿದರು’ ಅಂತ ಒಬ್ಬರು ಬರೆದರು. ಮಕ್ಕಳಿರುವ, ಮನೆ ನಡೆಸುವ ದೊಡ್ಡವರು ನಾವು. ಹಾಗೆ ಬರೆದವರ ಮೇಲೆ ನನಗೆ ಕೋಪ ಬರಲಿಲ್ಲ, ಸಂಕಟ ಆಯಿತು. ಅವರಿಗೆ ಆ ವಾರ ಒಂಬತ್ತು ಚುಕ್ಕೆ ಇದ್ದವು.

90 ದಿನದ ಮಾತಿಗೆ ಬರುತ್ತೇನೆ. ‘90 ದಿನದಲ್ಲಿ ನಿರರ್ಗಳ’ ಅಂತ ಅವರು ಹೇಳುತ್ತಾರೆ. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳ ಶಾಲಾ ಕಲಿಕೆಯನ್ನು ನೋಡಿ, 1980ರ ಸುಮಾರಿಗೆ ಒಂದು ವ್ಯತ್ಯಾಸ ತೋರಿಸಿದರು. ಆಟದ ಮೈದಾನದಲ್ಲಿ ಆಡುವ ಮಾತು ಬೇರೆ, ಪಾಠ ಓದಿ, ಯೋಚಿಸಿ, ಬರೆಯುವ ಭಾಷೆ ಬೇರೆ. ಮೊದಲನೆಯದು ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಆ ಭಾಷೆಯೇ ಇರುವ ಜಾಗದಲ್ಲಿ. ಇದನ್ನು ಓದಿದ ದಿನ ನನಗೆ ಅಳು ಬಂತು, ಸುಮ್ನೆ ಹೇಳುತ್ತಿಲ್ಲ. ಕಾಲೇಜಿನ ಆ ಎರಡು ವರ್ಷ ನಾನು ದಡ್ಡಿ ಆಗಿರಲಿಲ್ಲ. ಏಳು ವರ್ಷದ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸು ಅಂದಿದ್ದರು, ಅಷ್ಟೇ. ಈಗ ಈ ಕೋರ್ಸೂ ಅದೇ ಗಡುವು ಹಾಕುತ್ತಿದೆ. 90ನೇ ದಿನ ನಿರರ್ಗಳ ಆಗದವರು ಮತ್ತೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಮ್ಮ ಬ್ಯಾಚಿನಲ್ಲಿ ಮೂವರು ಮಧ್ಯದಲ್ಲೇ ಬಿಟ್ಟರು. ಒಬ್ಬರು ಬಿಡುವಾಗ ಗುಂಪಿಗೆ ಬರೆದದ್ದು ಇಷ್ಟೇ: ‘ನನ್ನಿಂದ ಆಗಲ್ಲ, ನನ್ನ ಬೇಸಿಕ್ಕೇ ಸರಿ ಇಲ್ಲ.’

ಶನಿವಾರದ ಗಂಟೆ ಬೇರೆಯದೇ ಲೋಕ. ನಾನು ಈ ವಿಮರ್ಶೆ ಬರೆಯುತ್ತಿರುವುದೇ ಅದರ ಸಲುವಾಗಿ.

ಆ ಗುಂಪಿನಲ್ಲಿ ನಾವು ಆರು ಜನ. ನಾಲ್ಕು ಭಾಷೆಯವರು. ನಡೆಸುತ್ತಿದ್ದ ಮೇಡಂಗೆ ಕನ್ನಡ ಬರುವುದಿಲ್ಲ. ಮೊದಲ ಶನಿವಾರ ಅವರು, ‘ನಿಮ್ಮ ಕೆಲಸದಲ್ಲಿ ನಿಮಗೆ ಅತ್ಯಂತ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಎರಡು ನಿಮಿಷ ವಿವರಿಸಿ’ ಅಂದರು. ನಾವು ಹೆದರಿದೆವು. ಆಗ ಇನ್ನೊಂದು ಮಾತು ಸೇರಿಸಿದರು. ‘ಮೊದಲು ನಿಮ್ಮ ಭಾಷೆಯಲ್ಲಿ ಹೇಳಿ. ನನಗೆ ಅರ್ಥ ಆಗುವುದಿಲ್ಲ, ಆದರೂ ಕೇಳುತ್ತೇನೆ. ಆಮೇಲೆ ಇಂಗ್ಲಿಷಿನಲ್ಲಿ.’

ಒಬ್ಬರು ಟೈಲರ್. ತೋಳು ಜೋಡಿಸುವಾಗ ಬಟ್ಟೆ ಸುಕ್ಕಾಗದಂತೆ ಹೇಗೆ ಹಿಡಿಯಬೇಕು ಅಂತ ಹೇಳಿದರು. ನನಗೆ ಅವರ ಭಾಷೆಯ ಒಂದು ಪದವೂ ಗೊತ್ತಿಲ್ಲ. ಆದರೆ ಅವರ ಕೈ ನೋಡಿದೆ, ಬೆನ್ನು ನೆಟ್ಟಗಾದದ್ದು ನೋಡಿದೆ, ಮಧ್ಯೆ ಒಂದು ಕಡೆ ಅವರೇ ನಕ್ಕಿದ್ದು ನೋಡಿದೆ. ಸಂಜೆಯ ಕ್ಲಾಸಿನಲ್ಲಿ ಇದೇ ಮನುಷ್ಯ ‘ಯೆಸ್ ಸರ್’, ‘ನೋ ಸರ್’ ಬಿಟ್ಟು ಬೇರೆ ಏನೂ ಹೇಳಿರಲಿಲ್ಲ. ಎಂಥ ಮನುಷ್ಯನ ಜೊತೆ ಇಷ್ಟು ದಿನ ಕೂತಿದ್ದೆ, ನನಗೆ ತಿಳಿದೇ ಇರಲಿಲ್ಲ!

ನನ್ನ ಸರದಿ ಬಂತು. ಕಂಟ್ರೋಲ್ ಚಾರ್ಟ್ ವಿಷಯ ತೆಗೆದುಕೊಂಡೆ. ಬೆಳಿಗ್ಗೆ ರೋಗಿಗಳ ರಕ್ತ ಯಂತ್ರಕ್ಕೆ ಹಾಕುವ ಮೊದಲು ನಾವು ಉತ್ತರ ಗೊತ್ತಿರುವ ಒಂದು ಸ್ಯಾಂಪಲ್ ಹಾಕುತ್ತೇವೆ. ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ಸಕ್ಕರೆ 100 ಬರಬೇಕು ಅಂತಿಟ್ಟುಕೊಳ್ಳಿ. ದಿನಾ ಸರಿಯಾಗಿ 100 ಬರುವುದಿಲ್ಲ. 98 ಬರುತ್ತದೆ, 103 ಬರುತ್ತದೆ. ಎಷ್ಟರವರೆಗೆ ಏರಿಳಿದರೆ ಸಹಜ ಅಂತ ಮೊದಲೇ ಲೆಕ್ಕ ಹಾಕಿ ನಡುಗೆರೆಯ ಎರಡೂ ಕಡೆ ಮೂರು ಮೂರು ಗೆರೆ ಎಳೆದಿರುತ್ತೇವೆ. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಅನ್ನುವ ಇಬ್ಬರು ಇದನ್ನು ಲ್ಯಾಬ್‌ಗಳಿಗೆ ತಂದರು. ದಿನಕ್ಕೊಂದು ಚುಕ್ಕೆ. ಎರಡನೇ ಗೆರೆ ದಾಟಿದರೆ ಎಚ್ಚರ, ಮೂರನೇದು ದಾಟಿದರೆ ಯಂತ್ರ ನಿಲ್ಲಿಸು. ಆದರೆ ನನಗೆ ಇಷ್ಟವಾದದ್ದು ಇನ್ನೊಂದು. ಚುಕ್ಕೆಗಳೆಲ್ಲ ಗೆರೆಯ ಒಳಗೇ ಇವೆ, ಆದರೆ ದಿನದಿನವೂ ನಡುಗೆರೆಯ ಒಂದೇ ಕಡೆಗೆ ಬೀಳುತ್ತಿವೆ ಅನ್ನಿ. ಒಂದೊಂದನ್ನೇ ನೋಡಿದರೆ ಎಲ್ಲ ಸರಿ. ಒಟ್ಟಿಗೆ ನೋಡಿದರೆ ಏನೋ ಸರಿದಿದೆ. ರಿಯೇಜೆಂಟ್, ಅಂದರೆ ಪರೀಕ್ಷೆಗೆ ಬಳಸುವ ರಾಸಾಯನಿಕ, ಹೊಸ ಬ್ಯಾಚಿನದಾಗಿರಬಹುದು, ಯಂತ್ರದ ದೀಪ ಬದಲಾಯಿಸಿರಬಹುದು. ಅದನ್ನು ಹಿಡಿಯುವವರೇ ಒಳ್ಳೆಯ ಟೆಕ್ನಿಷಿಯನ್.

ಇದನ್ನು ಕನ್ನಡದಲ್ಲಿ ಹೇಳಿದೆ. ಕೈಯಲ್ಲಿದ್ದ ಪೆನ್ನಿನಿಂದ ಗಾಳಿಯಲ್ಲಿ ಗೆರೆ ಎಳೆದೆ. ಎರಡು ನಿಮಿಷ ನಾಲ್ಕಾಯಿತು, ಮೇಡಂ ತಡೆಯಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ತಪ್ಪುಗಳಿದ್ದವು. ಕ್ರಿಯಾಪದ ಎಲ್ಲೆಲ್ಲೋ ಹೋಯಿತು. ಒಂದು ಕಡೆ ‘ಸರಿಯುವುದು’ ಅನ್ನುವುದಕ್ಕೆ ಪದ ಸಿಗದೆ ಕೈಯಲ್ಲೇ ತೋರಿಸಿದೆ. ಆ ಟೈಲರ್ ‘ಶಿಫ್ಟ್?’ ಅಂದರು. ‘ಹೌದು, ಶಿಫ್ಟ್’ ಅಂದೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಬಳಸುವ ಪದವೂ ಅದೇ, 12 ವರ್ಷದಿಂದ ದಿನಾ ಕೇಳಿದ್ದೇನೆ. ಬಾಯಿಗೆ ಬಂದಿರಲಿಲ್ಲ, ಅಷ್ಟೇ. ನಾನು ನಿಲ್ಲಲಿಲ್ಲ. ಕೊನೆಯವರೆಗೂ ಹೇಳಿದೆ. ಮುಗಿದಾಗ ಇನ್ನೊಬ್ಬರು ‘ಓ’ ಅಂದರು. ಎಷ್ಟೋ ವರ್ಷದ ಮೇಲೆ ಆ ‘ಓ’ ಕೇಳಿದೆ.

ಮೇಡಂ ಆಮೇಲೆ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಗೊತ್ತಿರುವುದನ್ನು ಮೊದಲು ಪೂರ್ತಿ ಹೇಳಿಬಿಟ್ಟರೆ, ಎರಡನೇ ಭಾಷೆಯಲ್ಲಿ ಹುಡುಕಬೇಕಾದದ್ದು ಪದಗಳನ್ನು ಮಾತ್ರ. ನೇರ ಇಂಗ್ಲಿಷಿಗೆ ಇಳಿದರೆ ಪದವನ್ನೂ ಹುಡುಕಬೇಕು, ವಿಷಯವನ್ನೂ ಹುಡುಕಬೇಕು, ಜೊತೆಗೆ ತನಗೆ ಏನಾದರೂ ಗೊತ್ತಿದೆಯೇ ಅನ್ನುವ ಧೈರ್ಯವನ್ನೂ ಹುಡುಕಬೇಕು. ಅವರು ಯಾವುದೇ ದೊಡ್ಡ ಮಾತು ಆಡುವವರಲ್ಲ. ಇದನ್ನೂ ಮೈಕ್ ಆಫ್ ಮಾಡುವ ಮೊದಲು ಹಾಗೇ ಹೇಳಿದ್ದು. ಆಮೇಲಿನ ಎಂಟು ಶನಿವಾರವೂ ಇದೇ ಕ್ರಮ. ನನ್ನ ಇಂಗ್ಲಿಷ್ ಬೆಳೆದದ್ದು ಆ ಒಂಬತ್ತು ಗಂಟೆಗಳಲ್ಲಿ. ಸಂಜೆಯ ಕ್ಲಾಸುಗಳಲ್ಲಿ ಬೆಳೆದದ್ದು ಎಚ್ಚರಿಕೆ.

ಕಮಿನ್ಸ್ ಬಗ್ಗೆ ಓದಲು ಹೇಳಿದ್ದೂ ಅವರೇ. ಇನ್ನೊಂದು ಅಧ್ಯಯನವನ್ನೂ ಹೇಳಿದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದಲ್ಲಿ, ಇನ್ಯುಯಿಟ್ ಅನ್ನುವ ಮೂಲನಿವಾಸಿ ಜನರ ಊರೊಂದರಲ್ಲಿ ಸ್ಟೀಫನ್ ರೈಟ್ ಮತ್ತು ಡೊನಾಲ್ಡ್ ಟೇಲರ್ ಚಿಕ್ಕ ಮಕ್ಕಳನ್ನು ನೋಡಿದರು. ಕೆಲವು ಮಕ್ಕಳಿಗೆ ಪಾಠ ಮನೆಮಾತಿನಲ್ಲಿ, ಕೆಲವರಿಗೆ ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ. ಶಾಲಾ ವರ್ಷದ ಮೊದಲು ಮತ್ತು ಕೊನೆಗೆ, ಮಗು ತನ್ನ ಬಗ್ಗೆ ತಾನು ಏನಂದುಕೊಂಡಿದೆ ಅಂತ ಅಳೆದರು. ಮನೆಮಾತಿನಲ್ಲಿ ಕಲಿತ ಇನ್ಯುಯಿಟ್ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಒಳ್ಳೆಯ ಭಾವನೆ ಹೆಚ್ಚಿತ್ತು. ಬೇರೆ ಭಾಷೆಯಲ್ಲಿ ಕಲಿತವರಲ್ಲಿ ಆ ಏರಿಕೆ ಕಾಣಲಿಲ್ಲ. 1995ರಲ್ಲಿ ಪ್ರಕಟವಾದ ಅಧ್ಯಯನ. ಒಂದೇ ಒಂದು ವರ್ಷದ ಅಂತರ ನೋಡಿ. ಶಾಲೆ ಶುರುವಾದ ಮೊದಲ ವರ್ಷಗಳಲ್ಲೇ ಮಗು ತನ್ನ ಬೆಲೆ ತಾನೇ ಕಟ್ಟಿಕೊಳ್ಳಲು ಶುರು ಮಾಡಿರುತ್ತದೆ.

ಇದನ್ನು ಓದಿದ ಮೇಲೆ ನನ್ನ ಮಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಒಂಬತ್ತು ವರ್ಷ ಅವಳಿಗೆ. ಇಂಗ್ಲಿಷ್ ಮೀಡಿಯಂ. ನನಗಾದದ್ದು ಅವಳಿಗಾಗಬಾರದು ಅಂತ ನಾನೇ ಹಟ ಹಿಡಿದು ಸೇರಿಸಿದ್ದು. ಪ್ರತಿ ವರ್ಷ ಪ್ರಗತಿಪತ್ರದಲ್ಲಿ ‘ಶಾಂತ ಸ್ವಭಾವದ ಹುಡುಗಿ’ ಅಂತ ಬರುತ್ತದೆ. ಹೆಮ್ಮೆಪಟ್ಟಿದ್ದೆ. ಆದರೆ ಮನೆಯಲ್ಲಿ ಅವಳು ಶಾಂತ ಅಲ್ಲವೇ ಅಲ್ಲ! ಹಗಲು ಹೊತ್ತಲ್ಲಿ ಚಂದ್ರ ಯಾಕೆ ಕಾಣುತ್ತಾನೆ, ಇರುವೆಗೆ ದಾರಿ ಹೇಗೆ ಗೊತ್ತು, ಒಂದಾದ ಮೇಲೆ ಒಂದು ಪ್ರಶ್ನೆ.

ಒಂದು ಸಂಜೆ ಅವಳ ವಿಜ್ಞಾನದ ನೋಟ್‌ಬುಕ್ ನೋಡಿದೆ. ಇವ್ಯಾಪೊರೇಶನ್ ಅಂದರೇನು ಅಂತ ಎರಡು ಸಾಲು, ಪುಸ್ತಕದಲ್ಲಿದ್ದ ಹಾಗೇ, ಅಕ್ಷರ ತಪ್ಪಿಲ್ಲ. ಒಗೆದು ಹಾಕಿದ ಬಟ್ಟೆಯ ನೀರು ಎಲ್ಲಿ ಹೋಗುತ್ತೆ ಅಂತ ಕನ್ನಡದಲ್ಲಿ ಕೇಳಿದೆ. ನೀರು ಕಾಣದಷ್ಟು ಸಣ್ಣ ಸಣ್ಣದಾಗಿ ಗಾಳಿಗೆ ಸೇರಿಕೊಳ್ಳುತ್ತೆ ಅಂದಳು. ಗಾಳಿ ಬೀಸಿದರೆ ಬೇಗ ಒಣಗುತ್ತೆ, ಯಾಕೆಂದರೆ ಬಟ್ಟೆ ಹತ್ತಿರ ಒದ್ದೆ ಗಾಳಿ ನಿಲ್ಲಲ್ಲ ಅಂದಳು. ಆ ಕೊನೇ ಮಾತು ಪುಸ್ತಕದಲ್ಲಿ ಇರಲಿಲ್ಲ. ಅವಳೇ ಯೋಚಿಸಿದ್ದು.

‘ಇದನ್ನ ಮಿಸ್‌ಗೆ ಹೇಳಿದ್ಯಾ ಪುಟ್ಟಿ?’

‘ಅದಕ್ಕೆ ನಂಗೆ ಇಂಗ್ಲಿಷ್ ಗೊತ್ತಿಲ್ಲಮ್ಮ.’

ನಾನು ಹದಿನಾರಕ್ಕೆ ಸುಮ್ಮನಾದೆ. ಅವಳು ಆರಕ್ಕೇ ಸುಮ್ಮನಾಗಿದ್ದಾಳೆ. ನನಗಾದರೂ ಬೋರ್ಡಿನ ಹತ್ತಿರ ನಿಂತ ಒಂದು ದಿನದ ನೆನಪಿದೆ. ಅವಳಿಗೆ ಆ ದಿನ ಇನ್ನೂ ಬಂದೇ ಇಲ್ಲ.

ಮನೆಮಾತಿನಲ್ಲಿ ಕಲಿತರೆ ಇಂಗ್ಲಿಷ್ ಹಾಳಾಗುತ್ತದೆ ಅನ್ನುವ ಭಯ ನನಗೂ ಇತ್ತು, ಇನ್ನೂ ಸ್ವಲ್ಪ ಇದೆ. ನೈಜೀರಿಯಾದ ಇಫೆಯಲ್ಲಿ 1970ರಲ್ಲಿ ಬಾಬ್ಸ್ ಫಫುನ್ವಾ ಅವರ ತಂಡ ಇದನ್ನೇ ಪರೀಕ್ಷೆ ಮಾಡಿತು. ಒಂದು ಗುಂಪಿಗೆ ಪ್ರಾಥಮಿಕದ ಆರೂ ವರ್ಷ ಅಲ್ಲಿನ ಮನೆಮಾತಾದ ಯೊರುಬಾದಲ್ಲೇ ಪಾಠ, ಇಂಗ್ಲಿಷ್ ಒಂದು ವಿಷಯವಾಗಿ ಮಾತ್ರ, ಆದರೆ ಒಳ್ಳೆಯ ಶಿಕ್ಷಕರಿಂದ. ಇನ್ನೊಂದು ಗುಂಪು ಮೂರು ವರ್ಷದ ನಂತರ ಇಂಗ್ಲಿಷಿಗೆ ತಿರುಗಿತು. ಆರು ವರ್ಷ ಯೊರುಬಾದಲ್ಲಿ ಓದಿದವರು ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಆ ‘ಒಳ್ಳೆಯ ಶಿಕ್ಷಕರಿಂದ’ ಅನ್ನುವುದೇ ಮುಖ್ಯ ಅಂತ ನನಗನ್ನಿಸುತ್ತದೆ. ನನಗೆ ಶಾಲೆಯಲ್ಲಿ ಇಂಗ್ಲಿಷ್ ಪಾಠವನ್ನು ಓದಿ ಬೋರ್ಡಿನ ಮೇಲೆ ಉತ್ತರ ಬರೆದು ಕೊಡುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ವಾಕ್ಯವನ್ನೂ ನಾನೇ ಮಾತಾಡಲಿಲ್ಲ. ಕೊರತೆ ಇದ್ದದ್ದು ಅಲ್ಲಿ, ಲಸಾಅ ಕನ್ನಡದಲ್ಲಿ ಕಲಿತದ್ದರಲ್ಲಿ ಅಲ್ಲ.

ಕಾನ್ಫಿಡೆನ್ಸ್ ವರ್ಕ್‌ಶಾಪ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಅದಕ್ಕೆ ಹೋಗಬೇಡಿ. ಕನ್ನಡಿ ಮುಂದೆ ನಿಂತು ‘ನಾನು ಗೆಲ್ಲುವವಳು’ ಅಂತ ಇಪ್ಪತ್ತು ಸಲ ಹೇಳಿಸುತ್ತಾರೆ. ಎರಡನೇ ಭಾನುವಾರ ಒಂದು ಕಾಗದದ ಮೇಲೆ ‘ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿರುವುದು’ ಏನು ಅಂತ ಬರೆದು, ಹರಿದು ಹಾಕಲು ಹೇಳಿದರು. ಉದಾಹರಣೆಗೆ ‘ನನ್ನ ಹಳೆಯ ಶಾಲೆ’ ಅಂತ ಬರೆಯಿರಿ ಅಂದರು. ಹಲವರು ಬರೆದು ಹರಿದರು. ನಾನು ಬರೆಯಲಿಲ್ಲ. ಕ್ಯಾಮೆರಾ ಆಫ್ ಮಾಡಿ ಎದ್ದೆ. ಬೋರ್ಡಿನ ಹತ್ತಿರ ಕರೆದ ಮೇಷ್ಟ್ರನ್ನು ನಾನು ಹರಿದು ಹಾಕುವುದಿಲ್ಲ.

ಗ್ರಾಹಕ ಸೇವೆ ಪರವಾಗಿಲ್ಲ. ತಪ್ಪಿದ ಕ್ಲಾಸುಗಳ ರೆಕಾರ್ಡಿಂಗ್ ಕೇಳಿದ ದಿನವೇ ಸಿಕ್ಕಿತು. ಮುಂದಿನ ಹಂತಕ್ಕೆ ಸೇರಿ ಅಂತ ಫೋನು ಮಾತ್ರ ಜಾಸ್ತಿ ಬರುತ್ತದೆ. ಒಮ್ಮೆ ಬೇಡ ಅಂದರೆ ಕೇಳುವುದಿಲ್ಲ. ಬರೆದು ಕಳಿಸಿದ ಮೇಲೆ ನಿಂತಿತು.

ಐದಕ್ಕೆ ಎಷ್ಟು ಕೊಡಲಿ ಅಂದರೆ ಮೂರು. ಆ್ಯಪಿಗೆ ನಾಲ್ಕು, ಸಂಜೆ ಕ್ಲಾಸಿಗೆ ಎರಡು, ವರ್ಕ್‌ಶಾಪಿಗೆ ಏನೂ ಇಲ್ಲ, ಶನಿವಾರಕ್ಕೆ ಪೂರ್ತಿ ಐದು. ನಿಮ್ಮ ಕೆಲಸ ನಿಮಗೆ ಗೊತ್ತಿದ್ದು, ಅದನ್ನು ಇಂಗ್ಲಿಷಿನಲ್ಲಿ ಹೇಳಲು ಮಾತ್ರ ಆಗುತ್ತಿಲ್ಲ ಅಂದರೆ ಇಂಥ ಕೋರ್ಸಿನಿಂದ ಖಂಡಿತ ಉಪಯೋಗ ಇದೆ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ. ಕ್ಲಾಸಿನಲ್ಲಿ ನನ್ನ ಭಾಷೆ ಬಳಸಬಹುದಾ? ‘ಒಂದು ಪದವೂ ಬೇಡ’ ಅಂತ ಹೆಮ್ಮೆಯಿಂದ ಹೇಳಿದರೆ ಇನ್ನೊಂದು ಕೋರ್ಸ್ ನೋಡಿ. ಮಕ್ಕಳನ್ನು ಇಂಥದಕ್ಕೆ ಸೇರಿಸುವ ಯೋಚನೆ ಇದ್ದರೆ, ಕೆಂಪು ಚುಕ್ಕೆ ಇರುವ ಜಾಗಕ್ಕೆ ದಯವಿಟ್ಟು ಕಳಿಸಬೇಡಿ. ದೊಡ್ಡವಳಾದ ನನಗೇ ಬಾಯಿ ಕಟ್ಟಿತು.

ಅಭಿಪ್ರಾಯ ಕೇಳಿದ ಫಾರ್ಮಿನಲ್ಲಿ ನಾನು ಬರೆದದ್ದು ಇದು. ಶನಿವಾರದ ಕ್ರಮವನ್ನು ಮೊದಲ ದಿನಕ್ಕೆ ತನ್ನಿ. 24 ಜನರಿಗೂ ಮೊದಲು ಅವರವರ ಭಾಷೆಯಲ್ಲಿ ಪರಿಚಯ ಹೇಳಲು ಬಿಡಿ. ಉತ್ತರ ಇನ್ನೂ ಬಂದಿಲ್ಲ.

ನಾನು ಪೂರ್ತಿ ಕೋರ್ಸ್ ಮುಂದುವರಿಸಲಿಲ್ಲ. ಶನಿವಾರದ ಗುಂಪನ್ನು ಮಾತ್ರ ಇನ್ನೂ ಮೂರು ತಿಂಗಳಿಗೆ ತೆಗೆದುಕೊಂಡಿದ್ದೇನೆ, ಕೇಳಿದರೆ ಹಾಗೆ ಬೇರೆಯಾಗಿ ಕೊಡುತ್ತಾರೆ. ನಮ್ಮ ಇನ್ನೊಂದು ಶಾಖೆಯ ಲ್ಯಾಬಿನಲ್ಲಿ ಅದೇ ಹುದ್ದೆಗೆ ಅರ್ಜಿ ಕರೆದಿದ್ದಾರೆ. ಈ ಸಲ ಡ್ರಾಯರಿಗೆ ಹಾಕದೆ ಕೊಟ್ಟು ಬಂದೆ. ಪ್ರೆಸೆಂಟೇಶನ್‌ಗೆ ಕಂಟ್ರೋಲ್ ಚಾರ್ಟನ್ನೇ ಇಟ್ಟುಕೊಂಡಿದ್ದೇನೆ. ರಾತ್ರಿ ಊಟ ಆದ ಮೇಲೆ ಮಗಳ ಮುಂದೆ ಮೊದಲು ಕನ್ನಡದಲ್ಲಿ ಹೇಳುತ್ತೇನೆ, ಆಮೇಲೆ ಇಂಗ್ಲಿಷಿನಲ್ಲಿ. ನನ್ನದು ಮುಗಿದ ಮೇಲೆ ಅವಳ ಸರದಿ. ನಿನ್ನೆ ಬಟ್ಟೆ ಒಣಗುವುದನ್ನು ಎರಡೂ ಭಾಷೆಯಲ್ಲಿ ಹೇಳಿದಳು. ಇಂಗ್ಲಿಷಿನಲ್ಲಿ ‘ಒದ್ದೆ ಗಾಳಿ’ಗೆ ಏನನ್ನಬೇಕು ಅಂತ ಕೇಳಿದಳು. ಸೋಮವಾರ ಮಿಸ್‌ನ ಕೇಳು ಅಂದಿದ್ದೇನೆ.